ಎಡಗಣ್ಣಿನ ಕೆಂಪು

ಹೋದ ವಾರ ಹಿಂದೂಪುರದ ಮಾರುಕಟ್ಟೆ ಯಾರ್ಡಿನ ಪಕ್ಕ ಆಟೋಗೆ ಕಾಯುತ್ತ ನಿಂತಿದ್ದೆ. ಒಳಗೆ ಒಣಮೆಣಸಿನಕಾಯಿ ಮೂಟೆಗಳನ್ನು ಬಿಚ್ಚಿ ಸುರಿಯುತ್ತಿದ್ದರು. ಗಾಳಿ ಈ ಕಡೆಗೆ ತಿರುಗಿದ್ದೇ ತಡ, ಘಾಟು ಮೂಗಿಗೆ ಹೊಡೆದು ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಆ ಊರಲ್ಲಿ ಹುಟ್ಟಿದವಳಿಗೆ ಇದೇನೂ ಹೊಸದಲ್ಲ. ಆದರೆ ಈಚೆಗೆ ಆ ಘಾಟು ಬಂದಾಗಲೆಲ್ಲ ನನಗೆ ಒಂದು ವರ್ಷ ನೆನಪಾಗುತ್ತದೆ. ನಮ್ಮ ಅತ್ತಿಗೆಯ ಕಣ್ಣಲ್ಲಿ ಸುರಿಯುತ್ತಿದ್ದ ನೀರಿಗೆಲ್ಲ ಈ ಮೆಣಸಿನಕಾಯಿಯನ್ನೇ ದೂರುತ್ತ ನಾವು ಕಾಲ ಕಳೆದ ವರ್ಷ ಅದು. ದೂರಿದವರಲ್ಲಿ ನಾನೇ ಮೊದಲು. ಕಣ್ಣು ಪರೀಕ್ಷೆ ಮಾಡುವುದೇ ನನ್ನ ಉದ್ಯೋಗ.

ಆ ವರ್ಷ ಜೂನ್ ತಿಂಗಳಲ್ಲಿ ನನ್ನನ್ನು ಕಲ್ಯಾಣದುರ್ಗದ ಒಂದು ಸಣ್ಣ ಕಣ್ಣಿನ ಕೇಂದ್ರಕ್ಕೆ ವರ್ಗ ಮಾಡಿದರು. ಎರಡು ಕೋಣೆಯ ಬಾಡಿಗೆ ಕಟ್ಟಡ. ಒಂದರಲ್ಲಿ ಅಕ್ಷರದ ಚಾರ್ಟು, ಇನ್ನೊಂದರಲ್ಲಿ ಡಾಕ್ಟರ ಮೇಜು. ಡಾಕ್ಟರಮ್ಮ ಅನಂತಪುರದಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಕನ್ನಡಕದ ನಂಬರು ನೋಡುವುದು, ಪೊರೆ ಬಂದವರ ಹೆಸರು ಬರೆದುಕೊಳ್ಳುವುದು, ಕಣ್ಣಿನ ಒತ್ತಡ ಅಳೆಯುವುದು, ಎಲ್ಲ ನನ್ನದೇ. ನಾನು ಹೋಗಿ ಸೇರುವಾಗ ಆಷಾಢದ ಗಾಳಿ ಶುರುವಾಗಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಚಾರ್ಟು ಗೋಡೆಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಡಲೆಕಾಯಿ ಬಿತ್ತನೆಗೆ ಮಳೆ ಕಾಯುತ್ತಿದ್ದ ಹೊಲಗಳ ಮಣ್ಣೆಲ್ಲ ಎದ್ದು ಊರ ಮೇಲೆ ಬರುತ್ತಿತ್ತು. ಬಂದವರಲ್ಲಿ ಅರ್ಧ ಜನ ಕಣ್ಣುಜ್ಜಿಕೊಳ್ಳುತ್ತಲೇ ಒಳಗೆ ಕಾಲಿಡುತ್ತಿದ್ದರು. ಧೂಳು, ಅಲರ್ಜಿ, ಎರಡು ಹನಿ ಔಷಧಿ. ಬರೆದು ಬರೆದು ನನ್ನ ಕೈ ತಾನಾಗೇ ಬರೆಯುವಂತಾಗಿತ್ತು.

ತಿಪ್ಪಕ್ಕನಿಗೂ ನಾನು ಅದನ್ನೇ ಎರಡು ಸಲ ಬರೆದುಕೊಟ್ಟಿದ್ದೆ. ಗಡಿಯ ಕಡೆಯ ಹಳ್ಳಿಯೊಂದರ ರೈತ ಹೆಂಗಸು, ಐವತ್ತರ ಆಸುಪಾಸು. ಮೂರನೇ ಸಲ ಅವಳು ಬಂದ ದಿನ ಡಾಕ್ಟರಮ್ಮ ಇದ್ದರು. ಅವರು ಯಂತ್ರದ ಮುಂದೆ ಅವಳನ್ನು ಕೂರಿಸಲಿಲ್ಲ. ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತು, ಊರು ಯಾವುದು, ಮಕ್ಕಳೆಷ್ಟು ಎಂದು ತೆಲುಗಿನಲ್ಲಿ ಮಾತಾಡಿಸುತ್ತ ಸುಮ್ಮನೆ ಅವಳ ಮುಖ ನೋಡುತ್ತಿದ್ದರು. ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದಾಗ ತಿಪ್ಪಕ್ಕ ತೆಲುಗು ಬಿಟ್ಟು ನನ್ನ ಕಡೆ ತಿರುಗಿದಳು.

"ನಾನು ಸುಮ್ನೆ ನೋಡಿದ್ರೂ ನಮ್ಮ ಸೊಸೆ, ಯಾಕತ್ತೆ ಹಂಗೆ ಗುರಾಯಿಸ್ತೀಯ ಅಂತಾಳೆ ಕಣಮ್ಮ. ನಂಗೆ ಸಿಟ್ಟೇ ಇಲ್ಲ."

ನಾನು ಅದನ್ನು ಅತ್ತೆ ಸೊಸೆಯರ ಮಾತು ಎಂದುಕೊಂಡೆ. ಡಾಕ್ಟರಮ್ಮ ಹಾಗೆಂದುಕೊಳ್ಳಲಿಲ್ಲ. ಬೆರಳನ್ನು ಅವಳ ಕಣ್ಣ ಮುಂದೆ ಹಿಡಿದು ನಿಧಾನವಾಗಿ ಕೆಳಗಿಳಿಸಿದರು. ತಿಪ್ಪಕ್ಕನ ಕಣ್ಣುಗುಡ್ಡೆ ಬೆರಳಿನ ಜೊತೆ ಇಳಿಯಿತು. ಮೇಲಿನ ರೆಪ್ಪೆ ಮಾತ್ರ ಅಲ್ಲೇ ನಿಂತು, ಒಂದು ಕ್ಷಣ ತಡೆದು, ಆಮೇಲೆ ಬಂತು. ಅಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿಯ ಒಂದು ಗೆರೆ ಕಾಣಿಸಿ ಮಾಯವಾಯಿತು. ಚಾಚಿದ ಕೈಗಳ ಮೇಲೆ ಒಂದು ಹಾಳೆ ಇಟ್ಟರು. ಫ್ಯಾನು ನಿಲ್ಲಿಸಿದ್ದರೂ ಹಾಳೆ ಅದುರುತ್ತಿತ್ತು. ನಾಡಿ ಓಡುತ್ತಿತ್ತು. ಆಧಾರ್ ಕಾರ್ಡು ಕೇಳಿ ಅದರಲ್ಲಿದ್ದ ಹಳೆಯ ಫೋಟೋವನ್ನು ಅವಳ ಮುಖದ ಪಕ್ಕ ಹಿಡಿದು ನನ್ನನ್ನು ಕರೆದರು. ಕಾರ್ಡಿನಲ್ಲಿದ್ದ ಹೆಂಗಸಿನ ರೆಪ್ಪೆಗಳು ಕರಿಗುಡ್ಡೆಯ ಅಂಚನ್ನು ಮುಚ್ಚಿಕೊಂಡು ಶಾಂತವಾಗಿದ್ದವು. ಮುಂದೆ ಕೂತಿದ್ದವಳ ಕಣ್ಣುಗಳು ಗಾಬರಿಗೊಂಡವರ ಹಾಗೆ ತೆರೆದುಕೊಂಡಿದ್ದವು. ಎರಡು ಪುಟ್ಟ ಕನ್ನಡಿಗಳಿರುವ ಅಳತೆಪಟ್ಟಿಯೊಂದನ್ನು ಅವಳ ಕಣ್ಣುಗಳ ಹೊರಮೂಲೆಗೆ ಆನಿಸಿ, ಗುಡ್ಡೆ ಎಷ್ಟು ಮುಂದೆ ಬಂದಿದೆ ಎಂದು ಅಳೆಯುವುದನ್ನು ನನಗೆ ಅಂದೇ ಕಲಿಸಿದರು.

ಕಾಯಿಲೆ ಬರೀ ಕಣ್ಣಿನದಲ್ಲ, ಗಂಟಲಿನಲ್ಲಿರುವ ಥೈರಾಯ್ಡ್ ಗ್ರಂಥಿಗೂ ಸೇರಿದ್ದು ಎಂದರು. ದೇಹದ ಕಾವಲು ಪಡೆ ದಾರಿ ತಪ್ಪಿ ಆ ಗ್ರಂಥಿಯನ್ನು ಕೆಣಕುತ್ತದೆ, ಅದೇ ಪಡೆ ಕಣ್ಣಿನ ಹಿಂದಿನ ಮಾಂಸ ಕೊಬ್ಬುಗಳನ್ನೂ ಶತ್ರು ಎಂದುಕೊಂಡು ಊದಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಅವರು ಹೇಳಿದಂತೆಯೇ ಬಂತು. ಓದುವಾಗ ಈ ಕಾಯಿಲೆಯ ಮೇಲೆ ನಾನು ಉತ್ತರ ಬರೆದು ಪಾಸಾಗಿದ್ದೆ. ಆದರೂ ಎರಡು ಸಲ ಅದು ನನ್ನೆದುರು ಬಂದು ಕೂತು ಎದ್ದು ಹೋಗಿತ್ತು.

ಆ ಶನಿವಾರ ಊರಿಗೆ ಹೊರಟೆ. ಪಾವಗಡದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಹಿಂದೂಪುರದ ನಮ್ಮ ನೇಕಾರರ ಬೀದಿ ಸೇರಿದೆ. ಅತ್ತಿಗೆ ಮಗ್ಗದಲ್ಲಿದ್ದಳು. ಅವಳ ಹೆಸರು ಸುಕನ್ಯ, ತವರು ಸೋಮಂದೇಪಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಕೈ ಹಿಡಿದು ಬಂದವಳು. ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳೇ ಆದ್ದರಿಂದ ನಮ್ಮಿಬ್ಬರ ನಡುವೆ ಬಹುವಚನ ಯಾವತ್ತೂ ಇರಲಿಲ್ಲ. ಬಣ್ಣದ ವಿಷಯದಲ್ಲಿ ಬೀದಿಗೇ ಅವಳ ಮಾತು ಕೊನೆ. ಬಣ್ಣ ಹಾಕುವವರು ಎರಡು ರೇಷ್ಮೆ ಲಡಿ ತಂದು ಎರಡೂ ಒಂದೇ ಎಂದು ವಾದಿಸುತ್ತಿದ್ದರು. ಇವಳು ಬಾಗಿಲ ಬೆಳಕಿಗೆ ಹಿಡಿದು, ಇದು ಮೊದಲ ಕಡಾಯಿಯದು, ಇದು ನೀರು ಸೇರಿಸಿದ ಮೇಲಿನದು ಎಂದು ಬೇರೆ ಮಾಡಿ ಇಡುತ್ತಿದ್ದಳು. ನಮಗೆಲ್ಲ ಒಂದೇ ಕೆಂಪು ಕಾಣುವ ಕಡೆ ಅವಳಿಗೆ ಏಳೆಂಟು ಕೆಂಪು ಕಾಣುತ್ತಿದ್ದವು.

ಅವಳು ತಲೆಯೆತ್ತಿ, ಬಂದ್ಯಾ ಎಂದು ನಕ್ಕಳು. ಕಿಟಕಿಯ ಬೆಳಕು ನೇರ ಮುಖದ ಮೇಲಿತ್ತು. ಕರಿಗುಡ್ಡೆಯ ಮೇಲೆ ಕೂದಲೆಳೆಯಷ್ಟು ಬಿಳಿ ಕಂಡಿತು.

ನಾನು ಚೀಲ ಕೆಳಗಿಡದೆ ನಿಂತುಬಿಟ್ಟೆ. ಹಿಂದಿನ ವರ್ಷ ಅವಳಿಗೆ ಥೈರಾಯ್ಡ್ ಜಾಸ್ತಿ ಎಂದು ಗೊತ್ತಾಗಿ ಮಾತ್ರೆ ಶುರುವಾಗಿತ್ತು. ಮೈ ಇಳಿದಿದ್ದು, ಎದೆ ಹೊಡೆದುಕೊಳ್ಳುವುದು ಎಲ್ಲ ಹತೋಟಿಗೆ ಬಂದು, ರಕ್ತದ ರಿಪೋರ್ಟು ಸರಿಯಿದೆ ಎಂದು ನಾವೆಲ್ಲ ಆ ಕಾಯಿಲೆಯನ್ನು ಮರೆತಿದ್ದೆವು. ಕಣ್ಣು ಕೆಂಪಗಿದ್ದರೆ ಮೆಣಸಿನಕಾಯಿ ಯಾರ್ಡಿನ ಗಾಳಿ. ಬೆಳಗ್ಗೆ ರೆಪ್ಪೆ ಊದಿದ್ದರೆ ನಿದ್ದೆ ಸಾಲದು. ಮೇಲೆ ನೋಡಿದರೆ ನೋವು ಎಂದರೆ ಬಗ್ಗಿ ನೇಯುವವರ ಕತ್ತು. ನಾನೇ ತಂದುಕೊಟ್ಟ ಅಲರ್ಜಿಯ ಹನಿ ಔಷಧಿಯ ಖಾಲಿ ಸೀಸೆಗಳು ಕಿಟಕಿಯ ಮೇಲೆ ಸಾಲಾಗಿ ಇದ್ದವು. ಗೋಡೆಯ ಮೇಲಿದ್ದ ನಾಲ್ಕು ವರ್ಷ ಹಿಂದಿನ ಗೃಹಪ್ರವೇಶದ ಫೋಟೋ ಇಳಿಸಿ ಅವಳ ಪಕ್ಕ ಹಿಡಿದೆ. ಬೆರಳು ಹಿಡಿದು ಕೆಳಗಿಳಿಸಿದೆ. ರೆಪ್ಪೆ ತಡೆದು ಬಂತು.

ಮುಂದಿನ ವಾರ ಅಣ್ಣ ಅವಳನ್ನು ಕಲ್ಯಾಣದುರ್ಗಕ್ಕೆ ಕರೆತಂದ. ರಕ್ತದಲ್ಲಿ ಥೈರಾಯ್ಡ್ ಸರಿಯಿದ್ದರೂ ಕಣ್ಣಿನಲ್ಲಿ ಕಾಯಿಲೆ ತನ್ನ ಪಾಡಿಗೆ ತಾನು ನಡೆಯಬಹುದು ಎಂದು ಡಾಕ್ಟರಮ್ಮ ಹೇಳಿದರು. ಅತ್ತಿಗೆಯ ಕಣ್ಣು ತಿಪ್ಪಕ್ಕನದರಷ್ಟು ಮುಂದೆ ಬಂದಿರಲಿಲ್ಲ. ಪಟ್ಟಿಯಲ್ಲಿ ಅಳೆದು ನಾನು ಸಮಾಧಾನದ ಉಸಿರು ಬಿಟ್ಟೆ. ಅದನ್ನು ಕಂಡು ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇವತ್ತಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಕಣ್ಣು ಕೂತಿರುವುದು ಮೂಳೆಯ ಕೋಣೆಯೊಂದರಲ್ಲಿ. ಮುಂದೆ ಅಗಲ, ಹಿಂದೆ ಹೋದಂತೆ ಕಿರಿದು. ಒಳಗಿನದು ಊದಿದಾಗ ಗೋಡೆಗಳು ಸರಿಯುವುದಿಲ್ಲ. ಇರುವುದು ಒಂದೇ ಬಾಗಿಲು, ಮುಂದುಗಡೆ. ಕಣ್ಣು ಆ ಬಾಗಿಲಿನಿಂದ ಹೊರಗೆ ಬಂದರೆ ನೋಡುವವರಿಗೆ ಗಾಬರಿ, ಆದರೆ ಒಳಗೆ ಸ್ವಲ್ಪ ಜಾಗವಾಗುತ್ತದೆ. ಕೆಲವರ ರೆಪ್ಪೆಗಳು ಬಿಗಿ. ಅವರ ಕಣ್ಣು ಹೊರಗೆ ಬರಲಾರದು. ಆಗ ಒತ್ತಡವೆಲ್ಲ ಹಿಂದಿನ ಕಿರಿದಾದ ಮೂಲೆಯಲ್ಲಿ, ದೃಷ್ಟಿಯ ನರದ ಮೇಲೆ. ನೋಡಲು ಚೆನ್ನಾಗಿರುವ ಕಣ್ಣಿಗೇ ಹೆಚ್ಚು ಅಪಾಯವಾಗುವುದುಂಟು.

ಹಗಲಿಗೆ ಕಣ್ಣೀರಿನಂಥ ಹನಿ, ಮಲಗುವಾಗ ಜೆಲ್ಲು, ತಲೆಯ ಕೆಳಗೆ ಎತ್ತರದ ದಿಂಬು, ಗಾಳಿಗೆ ಹೋಗುವಾಗ ಕನ್ನಡಕ, ಥೈರಾಯ್ಡ್ ಮಾತ್ರೆ ಒಂದು ದಿನವೂ ತಪ್ಪದೆ. ಆಮೇಲೆ ಅಣ್ಣನ ಕಡೆ ತಿರುಗಿ, ಮನೆಯಲ್ಲಿ ಬೀಡಿಯ ಹೊಗೆ ಇರಕೂಡದು, ಈ ಕಾಯಿಲೆಗೆ ಹೊಗೆಯಷ್ಟು ಕೆಟ್ಟದ್ದು ಬೇರೆ ಇಲ್ಲ ಎಂದರು. ಅಣ್ಣ ನೆಲ ನೋಡುತ್ತ ತಲೆಯಾಡಿಸಿದ. ಕೊನೆಗೆ ಅತ್ತಿಗೆಯ ಕೈ ಹಿಡಿದು ಮೂರು ಮಾತು ಹೇಳಿದರು. ದೃಷ್ಟಿ ಮಂಜಾದರೆ, ಕಣ್ಣು ಮುಚ್ಚಲಾಗದೆ ವಿಪರೀತ ನೋವಾದರೆ, ಬಣ್ಣ ಮಾಸಿದಂತೆ ಕಂಡರೆ ಅದೇ ದಿನ ತಿಳಿಸಬೇಕು. ಮೂರನೆಯದನ್ನು ಕೇಳಿ ಅತ್ತಿಗೆ ಸಣ್ಣಗೆ ನಕ್ಕಳು. ಬಣ್ಣ ಮಾಸಿದರೆ ಬಣ್ಣ ಹಾಕಿದವನನ್ನು ಬೈದೇ ನನಗೆ ರೂಢಿ ಎಂದಳು. ಅವರು ತೆಲುಗಿನಲ್ಲಿ ಬರೆದ ಸೂಚನೆಗಳನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟೆ.

ಮಳೆ ಬಂತು. ಕಡಲೆಕಾಯಿ ಮೊಳೆತು, ಹೂಬಿಟ್ಟು, ಹೊಲಗಳು ಹಸಿರಾದವು. ತಿಪ್ಪಕ್ಕ ತಿಂಗಳಿಗೊಮ್ಮೆ ಬರುತ್ತಿದ್ದಳು. ಕೈನಡುಕ ಹೋಯಿತು, ಮೈ ತುಂಬಿಕೊಂಡಿತು, ಸೊಸೆಯೂ ಜೊತೆಗೆ ಬಂದು ಕೂರತೊಡಗಿದಳು. ಅತ್ತಿಗೆಯ ಕಣ್ಣಿನ ಊತ ಇಳಿಯಲೂ ಇಲ್ಲ, ಏರಲೂ ಇಲ್ಲ. ಅಣ್ಣ ಬೀಡಿಯನ್ನು ಮನೆಯಿಂದ ಜಗುಲಿಗೆ, ಜಗುಲಿಯಿಂದ ಬೀದಿಯ ಕೊನೆಗೆ ಸಾಗಿಸಿದ್ದ, ಬಿಟ್ಟಿರಲಿಲ್ಲ. ಹೊಗೆ ಅವನ ಅಂಗಿಯಲ್ಲೇ ಮನೆಗೆ ಬರುತ್ತದೆ ಎಂದು ನಾನು ಹೋದಾಗಲೆಲ್ಲ ಜಗಳವಾಡುತ್ತಿದ್ದೆ.

ಕಾರ್ತಿಕದಲ್ಲಿ, ಕಡಲೆಕಾಯಿ ಕೀಳುವ ಭರಾಟೆಯ ಒಂದು ಬೆಳಗ್ಗೆ ಕೇಂದ್ರದ ಬಾಗಿಲು ತೆಗೆಯುತ್ತಿದ್ದಾಗ ಅತ್ತಿಗೆಯ ಫೋನು ಬಂತು.

"ನೆನ್ನೆಯಿಂದ ಕೆಂಪು ಲಡಿ ಸರಿಯಿಲ್ಲ ಅಂತ ಬಣ್ಣದೋನ ಮೇಲೆ ಕೂಗಾಡ್ಬುಟ್ಟೆ ಕಣಮ್ಮ. ಈಗ ನೀರು ಒರೆಸ್ಕಳಕ್ಕೆ ಅಂತ ಎಡಗಣ್ಣು ಮುಚ್ದೆ. ಕೆಂಪು ಸರಿಯಾಗೇ ಐತೆ. ಬಲಗಣ್ಣು ಮುಚ್ಚುದ್ರೆ ಇಟ್ಟಿಗೆ ಪುಡಿ ಥರ ಕಾಣ್ತೈತೆ. ಲಡಿ ಕೆಟ್ಟಿಲ್ಲ, ನನ್ನ ಎಡಗಣ್ಣು ಕೆಟ್ಟೈತೆ."

ಅಕ್ಷರ ಕಾಣುತ್ತದೆಯೇ ಎಂದು ಕೇಳಿದೆ. ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನೂ ಎಡಗಣ್ಣಿನಿಂದ ಓದಿ ಹೇಳಿದಳು. ಅವತ್ತು ಡಾಕ್ಟರಮ್ಮ ಬರುವ ದಿನವಲ್ಲ. ಅವರಿಗೆ ಫೋನು ಮಾಡಿದೆ. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ, "ಈ ರೋಜೇ ವೆಳ್ಳಾಲಿ" ಎಂದರು. ಇವತ್ತೇ ಹೋಗಬೇಕು, ಕಲ್ಯಾಣದುರ್ಗಕ್ಕೂ ಅಲ್ಲ, ಅನಂತಪುರಕ್ಕೂ ಅಲ್ಲ, ಸೀದಾ ಬೆಂಗಳೂರಿಗೆ. ಅಲ್ಲಿನ ಆಸ್ಪತ್ರೆಗೆ ತಾವೇ ತಿಳಿಸುವುದಾಗಿ ಹೇಳಿದರು. ಅಣ್ಣ ಅತ್ತಿಗೆ ಹಿಂದೂಪುರದಲ್ಲಿ ರೈಲು ಹಿಡಿದರು. ನಾನು ಪಾವಗಡದ ಮೇಲೆ ಬಸ್ಸಿನಲ್ಲಿ ಹೋದೆ. ರಸ್ತೆಯುದ್ದಕ್ಕೂ ಜನ ಹೊಲಗಳಲ್ಲಿ ಬಳ್ಳಿ ಕಿತ್ತು ರಾಶಿ ಹಾಕುತ್ತಿದ್ದರು. ಎಲ್ಲರೂ ಎರಡು ಕಣ್ಣಿನಿಂದ ನೋಡುತ್ತಿದ್ದಾರೆ, ಒಂದೊಂದೇ ಮುಚ್ಚಿ ಯಾರು ನೋಡುತ್ತಾರೆ ಎಂದು ಯೋಚಿಸುತ್ತ ಕೂತಿದ್ದೆ.

ಆಸ್ಪತ್ರೆಯಲ್ಲಿ ಕಿರಿಯ ವೈದ್ಯನೊಬ್ಬ ಮೊದಲು ಚಾರ್ಟು ಓದಿಸಿದ. ಅತ್ತಿಗೆ ಎಡಗಣ್ಣಿನಿಂದ ಕೊನೆಯ ಸಾಲಿನವರೆಗೂ ಓದಿದಳು. ಇಷ್ಟು ಕಾಣುವವಳಿಗೆ ಏನು ತುರ್ತು ಎಂಬಂತೆ ಆತ ಕೈಯಲ್ಲಿದ್ದ ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ನನ್ನ ಕೇಂದ್ರಕ್ಕೆ ಯಾರೋ ಅಪರಿಚಿತಳಾಗಿ ಅವಳು ಬಂದಿದ್ದರೆ ನಾನು ಅಲ್ಲಿಗೇ ಮುಗಿಸಿ, ಏನೂ ಇಲ್ಲ ಹೋಗಮ್ಮ ಎನ್ನುತ್ತಿದ್ದೆ. ಆಮೇಲೆ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದರು. ಬಲಗಣ್ಣಿಗೆ ಥಟ್ಟನೆ ಕಂಡ ಅಂಕಿಗಳು ಎಡಗಣ್ಣಿಗೆ ಕಾಣಲೇ ಇಲ್ಲ. ಟಾರ್ಚನ್ನು ಬಲಗಣ್ಣಿನಿಂದ ಎಡಗಣ್ಣಿಗೆ ತಂದಾಗ ಕಿರಿದಾಗಬೇಕಾಗಿದ್ದ ಪಾಪೆ ತುಸು ಹಿಗ್ಗಿತು. ಹಿರಿಯ ವೈದ್ಯರು ಬಂದು ಅದನ್ನು ಎರಡು ಸಲ ನೋಡಿ ತಕ್ಷಣ ಸ್ಕ್ಯಾನಿಗೆ ಕಳಿಸಿದರು.

ಆ ಚಿತ್ರವನ್ನು ನಮ್ಮ ಮೂವರಿಗೂ ತೋರಿಸಿದರು. ಕಣ್ಣುಗುಡ್ಡೆಯ ಹಿಂದೆ, ಸಣ್ಣ ದಾರಗಳ ಹಾಗಿರಬೇಕಾದ ಸ್ನಾಯುಗಳು ಬೆರಳುಗಳಂತೆ ದಪ್ಪವಾಗಿ, ಕಿರಿದಾದ ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿದ್ದವು. ಅವುಗಳ ನಡುವೆ ಬೂದು ಬಣ್ಣದ ಒಂದು ಎಳೆ. ಅದೇ ನರ, ಅದರೊಳಗೆ ಹತ್ತು ಲಕ್ಷಕ್ಕೂ ಮೀರಿದ ಎಳೆಗಳಿವೆ ಎಂದರು ಹಿರಿಯ ವೈದ್ಯರು. ಅತ್ತಿಗೆ ಪರದೆಯ ಹತ್ತಿರಕ್ಕೆ ಹೋದಳು. ತನ್ನ ಕಾಯಿಲೆಯನ್ನೇ ಮರೆತವಳಂತೆ ಬಹಳ ಹೊತ್ತು ನೋಡಿದಳು.

"ನಮ್ಮ ಸೀರೆಗೆ ಉದ್ದುದ್ದ ಹಾಸೋದು ಐದಾರು ಸಾವಿರ ಎಳೆ ಸ್ವಾಮಿ," ಅಂದಳು. "ಅಷ್ಟಕ್ಕೇ ಎರಡೂವರೆ ಮೊಳ ಅಗಲ ಬೇಕು. ಹತ್ತು ಲಕ್ಷ ಇಷ್ಟೇ ಇಷ್ಟರಾಗೆ ಹೆಂಗೆ ಹಿಡಿಸ್ದ?"

ಹಿಡಿಸಿದವನು ಯಾರು ಎಂದು ವೈದ್ಯರು ಕೇಳಲಿಲ್ಲ. ನನಗೂ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದರು.

"ಅದ್ರಾಗೆ ಎಷ್ಟು ಎಳೆ ಹರಿದೋಗವೆ?"

ಹರಿದಿಲ್ಲ, ಬಿಗಿಯಾಗಿ ಅದುಮಿಕೊಂಡಿವೆ, ಬೇಗ ಸಡಿಲ ಮಾಡಿದರೆ ಉಳಿಯುತ್ತವೆ ಎಂದರು ಅವರು. ಅಕ್ಷರ ಕಾಣುವುದು ಕೆಡುವ ಮುಂಚೆ ಬಣ್ಣ ಕೆಡುತ್ತದೆ, ಹೆಚ್ಚಿನವರಿಗೆ ಅದು ತಿಳಿಯುವುದೇ ಇಲ್ಲ, ಇವರು ಇಷ್ಟು ಬೇಗ ಹೇಗೆ ಕಂಡುಕೊಂಡರು ಎಂದು ನನ್ನನ್ನು ಕೇಳಿದರು. ಅವರು ನೇಕಾರರು ಎಂದೆ. ಅಣ್ಣ ಆ ಹೊತ್ತಿಗೆ ಎದ್ದು ಹೊರಗೆ ಹೋಗಿದ್ದ. ಬೀಡಿಗೆ ಹೋದ ಎಂದು ಸಿಟ್ಟಿನಿಂದ ಹಿಂದೆ ಹೋದೆ. ಅವನು ಕೈತೊಳೆಯುವ ನಲ್ಲಿಯ ಮುಂದೆ ನಿಂತು ಬೀಡಿಯ ಕಟ್ಟನ್ನು ನೀರಿನಲ್ಲಿ ನೆನೆಸಿ ಹಿಸುಕುತ್ತಿದ್ದ. ಆಮೇಲೆ ಅವನು ಬೀಡಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಮೂರು ದಿನ ಕೈಯ ರಕ್ತನಾಳಕ್ಕೆ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಸಕ್ಕರೆ, ಬಿಪಿ ನೋಡುತ್ತಲೇ ಇದ್ದರು. ಅತ್ತಿಗೆ ಬರುವಾಗ ಆ ಕೆಂಪು ಲಡಿಯಿಂದ ಒಂದು ಎಳೆಗಂಟು ಕತ್ತರಿಸಿ ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು. ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ಅದನ್ನು ನೋಡಿ ಹೇಳುತ್ತಿದ್ದಳು: ಇಟ್ಟಿಗೆ. ಮರುದಿನ, ಒಣಗಿದ ದಾಸವಾಳ. ಮೂರನೇ ದಿನ, ಪರವಾಗಿಲ್ಲ, ಕೆಂಪಿಗೆ ಹತ್ತಿರ ಬಂತು. ಆಸ್ಪತ್ರೆಯ ಬಣ್ಣದ ಪುಸ್ತಕವೂ ಅವಳು ಹೇಳಿದ್ದನ್ನೇ ಹೇಳುತ್ತಿತ್ತು, ಆದರೆ ಅರ್ಧ ದಿನ ತಡವಾಗಿ. ನಾವು ಗೆದ್ದೆವು ಎಂದುಕೊಂಡೆವು. ವಾರ ಕಳೆಯುವುದರಲ್ಲಿ ಮತ್ತೆ ಇಟ್ಟಿಗೆಯಾಯಿತು. ಇನ್ನು ಕಾಯುವಂತಿಲ್ಲ, ಆಪರೇಷನ್ ಆಗಬೇಕು ಎಂದರು.

ಮೂಗಿನ ಒಳದಾರಿಯಿಂದ ಹೋಗಿ, ಕಣ್ಣಿಗೂ ಮೂಗಿಗೂ ನಡುವಿನ ಕಾಗದದಂತೆ ತೆಳ್ಳಗಿನ ಮೂಳೆಯ ಗೋಡೆಯನ್ನು ತೆಗೆದುಬಿಡುತ್ತಾರೆ. ಊದಿದ ಸ್ನಾಯು ಆ ಖಾಲಿ ಜಾಗಕ್ಕೆ ಸರಿಯುತ್ತದೆ, ನರ ಉಸಿರಾಡುತ್ತದೆ. ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಗೋಡೆ ಅತ್ತಿಗೆಯದು, ಒಂದು ಕೂದಲಷ್ಟು ಅತ್ತ ಹೋದರೆ ಮೆದುಳು, ಇತ್ತ ಹೋದರೆ ಅದೇ ನರ ಎಂದು ನೆನೆಯುತ್ತ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋಗುವಾಗ ಅವಳಿಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ನನ್ನ ಕೈಯನ್ನು ನೋವಾಗುವಂತೆ ಹಿಡಿದಿದ್ದಳು. ಬಣ್ಣ ಬಂತಾ ಎಂದು ಕೇಳಬೇಡ, ನಾನೇ ಹೇಳುತ್ತೇನೆ ಎಂದಳು.

ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿದರು. ಮುಖ ಊದಿ ನೀಲಿಗಟ್ಟಿತ್ತು. ಲಡಿಯ ಗಂಟನ್ನು ತೆಗೆಯಲು ನಾನು ಕರ್ಚೀಫು ಬಿಚ್ಚುತ್ತಿದ್ದೆ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ನನ್ನನ್ನು ನೋಡುತ್ತಿದ್ದಳು.

"ನಿನ್ನ ಕಣ್ಣ ಕೆಳಗೆ ಕಪ್ಪಾಗೈತೆ ಕಣಮ್ಮ. ಅಂಚಿನಾಗೆ ನೇರಳೆ ತಿರುಗೈತೆ," ಅಂದಳು. "ಊಟ ಮಾಡಿಲ್ವಾ?"

ಅಣ್ಣ ಗೋಡೆಯ ಕಡೆ ತಿರುಗಿ ನಿಂತ.

ಆಮೇಲಿನದು ಸುಲಭವಾಗಿರಲಿಲ್ಲ. ಕಣ್ಣು ಉಳಿಯಿತು, ಆದರೆ ಎರಡು ಕಣ್ಣೂ ಕೂಡಿ ನೋಡುವುದನ್ನು ಮರೆತವು. ಒಂದು ಲೋಟ ಎರಡಾಗಿ ಕಾಣುತ್ತಿತ್ತು, ಮೆಟ್ಟಿಲು ಎರಡಾಗಿ ಕಾಣುತ್ತಿತ್ತು. ಸಂಕ್ರಾಂತಿಯವರೆಗೆ ಅವಳು ಮಗ್ಗ ಹತ್ತಲಿಲ್ಲ. ಅಣ್ಣ ನೇಯುತ್ತಿದ್ದ, ಇವಳು ಒಂದು ಕಣ್ಣಿಗೆ ಮರೆ ಕಟ್ಟಿಕೊಂಡು ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತ ತಪ್ಪು ಹೇಳುತ್ತಿದ್ದಳು. ಕನ್ನಡಕದ ಗಾಜಿಗೆ ಬೆಳಕನ್ನು ಬಾಗಿಸುವ ಗೀರುಗೀರಿನ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿಕೊಟ್ಟ ಮೇಲೆ ಎದುರಿಗಿದ್ದದ್ದು ಒಂದಾಗಿ ಕಾಣತೊಡಗಿತು. ಓರೆಯಾಗಿ ನೋಡಿದರೆ ಈಗಲೂ ಎರಡೇ. ಅದಕ್ಕೂ ಮುಂದೆ ಒಂದು ಸಣ್ಣ ಆಪರೇಷನ್ ಇದೆ, ಕಾಯಿಲೆ ಪೂರ್ತಿ ತಣ್ಣಗಾಗಲಿ ಎಂದಿದ್ದಾರೆ. ಮುಖ ಮೊದಲಿನಂತಿಲ್ಲ ಎಂದು ಕೆಲವು ದಿನ ಅವಳು ಕನ್ನಡಿ ನೋಡಲಿಲ್ಲ. ಆ ದುಃಖಕ್ಕೆ ಯಾವ ಹನಿ ಔಷಧಿಯೂ ನನ್ನ ಹತ್ತಿರ ಇರಲಿಲ್ಲ.

ಯುಗಾದಿಯ ಹೊತ್ತಿಗೆ ನನಗೆ ಮತ್ತೆ ವರ್ಗವಾಯಿತು. ಸಾಮಾನು ಕಟ್ಟಲು ಅತ್ತಿಗೆ ಕಲ್ಯಾಣದುರ್ಗಕ್ಕೆ ಬಂದಳು. ಕೊನೆಯ ದಿನ ಕೇಂದ್ರದಲ್ಲಿ ನನ್ನ ಜೊತೆ ಕೂತಿದ್ದಾಗ ತಿಪ್ಪಕ್ಕ ತಪಾಸಣೆಗೆ ಬಂದಳು. ನಾನು ಹೇಳುತ್ತಿದ್ದ ತಿಪ್ಪಕ್ಕ ಇವಳೇ ಎಂದು ಅತ್ತಿಗೆಗೆ ಹೇಳಿದೆ. ಇವಳ ಕಣ್ಣು ನೋಡಿದ್ದರಿಂದಲೇ ಆ ಶನಿವಾರ ನಿನ್ನ ಕಣ್ಣು ನನಗೆ ಕಂಡದ್ದು ಎಂದೆ. ತಿಪ್ಪಕ್ಕನಿಗೆ ಅದು ಗೊತ್ತಿರಲಿಲ್ಲ. ತಾನು ಯಾರಿಗೂ ಏನೂ ಮಾಡಿಲ್ಲವಲ್ಲ ಎಂಬಂತೆ ಇಬ್ಬರನ್ನೂ ನೋಡಿದಳು. ಅತ್ತಿಗೆ ಎದ್ದು ಅವಳ ಹತ್ತಿರ ಹೋಗಿ, ಕೇಳದೆಯೇ ಗದ್ದ ಹಿಡಿದು, ಲಡಿಯನ್ನು ಹಿಡಿಯುವಂತೆ ಆ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ತಿಪ್ಪಕ್ಕ ಅಲ್ಲಾಡದೆ ಕೂತಳು. ಇಬ್ಬರೂ ಬಹಳ ಹೊತ್ತು ಹಾಗೇ ಒಬ್ಬರ ಕಣ್ಣೊಬ್ಬರು ನೋಡಿದರು.

"ನಿಂದು ಎಷ್ಟೋ ಇಳಿದೈತೆ ಕಣಕ್ಕ," ಅಂದಳು ಅತ್ತಿಗೆ. "ಬಲಗಣ್ಣು ಇನ್ನೊಂಚೂರು ಇಳೀಬೇಕು. ಎಡದಕ್ಕಿಂತ ಒಂದೆಳೆ ಮುಂದೈತೆ."

ನನಗೆ ಎರಡೂ ಒಂದೇ ಸಮ ಕಾಣುತ್ತಿದ್ದವು. ಮೇಜಿನಿಂದ ಅಳತೆಪಟ್ಟಿ ತೆಗೆದು ತಿಪ್ಪಕ್ಕನ ಕಣ್ಣಂಚಿಗೆ ಆನಿಸಿ, ಕನ್ನಡಿಯಲ್ಲಿ ನೋಡಿದೆ. ಎಡಗಡೆ ಓದಿ ಬರೆದುಕೊಂಡೆ. ಬಲಗಡೆ ಓದಿದೆ, ನಂಬದೆ ಇನ್ನೊಮ್ಮೆ ಓದಿದೆ. ಒಂದು ಮಿಲಿಮೀಟರ್ ಹೆಚ್ಚಿತ್ತು.